ಇಂದು ನಗದು, ನಾಳೆ ಓ.ಡಿ.

2025ರ ಆಗಸ್ಟ್ 1ರಿಂದ ಒಂದು ನಿಯಮ ಜಾರಿಗೆ ಬಂತು. ಒಂದು ಯುಪಿಐ ಆ್ಯಪಿನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವ ಹಾಗಿಲ್ಲ. ಪೇಪರಿನಲ್ಲಿ ಇದನ್ನು ಓದಿದ ದೊಡ್ಡವರೆಲ್ಲ, ದಿನಕ್ಕೆ ಐವತ್ತು ಸಲ ತನ್ನ ದುಡ್ಡು ತಾನೇ ನೋಡಿಕೊಳ್ಳುವ ಮಹಾನುಭಾವ ಯಾರಿರಬಹುದು ಎಂದು ತಲೆ ಕೆರೆದುಕೊಂಡರು. ಕಂಪ್ಲಿ ಬಸ್ಸಿಗೆ ಕಾಯುತ್ತ ನಿಂತ ನಮ್ಮ ಎಮ್ಮಿಗನೂರಿನ ಡಿಗ್ರಿ ಹುಡುಗರನ್ನು ಒಮ್ಮೆ ನೋಡಿದ್ದರೆ ಅಷ್ಟು ತೊಂದರೆ ತೆಗೆದುಕೊಳ್ಳಬೇಕಿರಲಿಲ್ಲ. ಟೀ ಕುಡಿಯುವ ಮುಂಚೆ ಒಮ್ಮೆ, ಕುಡಿದ ಮೇಲೆ ಒಮ್ಮೆ, ಸ್ಕಾಲರ್‌ಶಿಪ್ ಬಿತ್ತಂತೆ ಎಂದು ಯಾರೋ ಗಾಳಿಮಾತು ಹೇಳಿದಾಗ ನಾಲ್ಕು ಸಲ, ಬಿದ್ದಿಲ್ಲ ಎಂದು ಗೊತ್ತಾದ ಮೇಲೂ ಸಮಾಧಾನಕ್ಕೆ ಎರಡು ಸಲ. ಅಕೌಂಟಿನಲ್ಲಿ ಲಕ್ಷಗಟ್ಟಲೆ ಇರುವವನು ಬ್ಯಾಲೆನ್ಸ್ ನೋಡುವುದಿಲ್ಲ ಸ್ವಾಮಿ. ನೋಡುವವನು ಹನ್ನೊಂದು ರೂಪಾಯಿ ನಲವತ್ತು ಪೈಸೆ ಇಟ್ಟವನು. ಆ ನಲವತ್ತು ಪೈಸೆ ಎಲ್ಲಿಂದ ಬಂತು ಎಂದು ಕೇಳಬೇಡಿ, ಅದು ಬಡ್ಡಿ.

ಎಮ್ಮಿಗನೂರು ಅಂದ ಕೂಡಲೇ ಹೊರಗಿನವರು ಕರ್ನೂಲು ಜಿಲ್ಲೆಯ ಮಗ್ಗದ ಎಮ್ಮಿಗನೂರು ಅಂದುಕೊಳ್ಳುತ್ತಾರೆ. ಅದು ಆಂಧ್ರ. ನಮ್ಮದು ಕಂಪ್ಲಿ ತಾಲೂಕು, ಬಳ್ಳಾರಿ ಜಿಲ್ಲೆ. ತಾಲೂಕು ಹೊಸದು, ಆಧಾರ್ ಕಾರ್ಡು ಹಳೆಯದು. ಹಾಗಾಗಿ ಬ್ಯಾಂಕಿನ ಕೆವೈಸಿ ಕೌಂಟರಿನಲ್ಲಿ ನಮ್ಮೂರ ಮಂದಿ ತಾವು ಯಾವ ತಾಲೂಕಿನವರು ಎಂಬುದನ್ನು ಇನ್ನೂ ಸಾಬೀತು ಮಾಡುತ್ತಲೇ ಇದ್ದಾರೆ. ಭತ್ತ, ಮೆಣಸಿನಕಾಯಿ, ತುಂಗಭದ್ರೆಯ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ), ಉದ್ರಿ. ಈ ನಾಲ್ಕರ ಮೇಲೆ ಊರು ನಿಂತಿದೆ. ಮೊದಲ ಮೂರು ಒಂದೊಂದು ವರ್ಷ ಕೈ ಕೊಟ್ಟಿವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಊರಿಗೆ ಊರೇ ಎದೆ ಹಿಡಿದುಕೊಂಡು ಕೂತಿತ್ತು. ನಾಲ್ಕನೆಯದು ಮಾತ್ರ ಇವತ್ತಿನವರೆಗೂ ಕೈ ಬಿಟ್ಟಿಲ್ಲ.

ನಮ್ಮ ಕಡೆ ಯಾವ ಹೋಟೆಲಿಗೆ ಹೋದರೂ ಗಲ್ಲಾಪೆಟ್ಟಿಗೆಯ ಹಿಂದೆ ‘ಇಂದು ನಗದು ನಾಳೆ ಉದ್ರಿ’ ಎಂಬ ಬೋರ್ಡು ಇರುತ್ತದೆ. ಆ ಬೋರ್ಡಿನ ಮೊಳೆಗೇ ಉದ್ರಿ ಲೆಕ್ಕದ ನೋಟ್‌ಬುಕ್ಕು ನೇತುಹಾಕಿರುತ್ತಾರೆ. ಹುಡುಗ ಬರುತ್ತಾನೆ. ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ, ಒಂದು ಟೀ ಮುಗಿಸುತ್ತಾನೆ. ಆಮೇಲೆ ಗಲ್ಲೆಯ ಮುಂದೆ ನಿಂತು ಚಪ್ಪಲಿಯಿಂದ ನೆಲ ಕೆರೆಯುತ್ತಾನೆ. ಹೋಟೆಲಿನ ಅಕ್ಕ ತಲೆ ಎತ್ತುವುದಿಲ್ಲ.

“ನಿಮ್ಮಪ್ಪ ಹೊಲಕ್ಕ ಹೋದ್ನೇನು?”

“ಹೋಗ್ಯಾನಕ್ಕ.”

“ಭತ್ತ ಕೊಟ್ರೇನು?”

“ಇಲ್ಲಕ್ಕ, ರೇಟು ನೋಡಾಕ ಹತ್ತ್ಯಾರ.”

“ಹೋದ ತಿಂಗಳದ್ದು ನೂರಾ ಅರವತ್ತು ಹಂಗ ಐತಿ.”

“ಐತಕ್ಕ.”

“ಹೂಂ. ಬರದ್ ಹೋಗು.”

ಮುಗಿಯಿತು. ಸಾಲಗಾರನ ಆದಾಯ ಮೂಲ, ಬೆಳೆಯ ಸ್ಥಿತಿ, ಹಳೆ ಬಾಕಿ, ಮರುಪಾವತಿಯ ಸಾಧ್ಯತೆ ಎಲ್ಲವೂ ಅರ್ಧ ನಿಮಿಷದಲ್ಲಿ ವಿಚಾರಣೆಯಾಯಿತು. ಬಡ್ಡಿ ಇಲ್ಲ, ಪ್ರೊಸೆಸಿಂಗ್ ಫೀ ಇಲ್ಲ. ಆದರೆ ಆ ಅರ್ಧ ನಿಮಿಷದಲ್ಲಿ ಹುಡುಗನ ಕಿವಿ ಕೆಂಪಾದವಲ್ಲ, ಅದು ಇತ್ತು. ಇನ್ನೂರು ದಾಟಿದರೆ ಅಕ್ಕ ಹೀಗೆ ಮೆತ್ತಗೆ ಕೇಳುವುದಿಲ್ಲ, ನಾಲ್ಕು ಜನರೆದುರು ಕೇಳುತ್ತಾಳೆ ಎಂಬುದು ಅವನಿಗೆ ಗೊತ್ತು. ಹಾಗಾಗಿ ಮೂರನೇ ಮಿರ್ಚಿಗೆ ಅವನ ಕೈ ಹೋಗುವುದಿಲ್ಲ. ಈ ಮೂರನೇ ಮಿರ್ಚಿಯ ವಿಚಾರ ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ದೊಡ್ಡವರ ಉದ್ರಿಗೆ ಹೆಸರುಗಳು ಬೇರೆ, ಅಷ್ಟೆ. ದಲ್ಲಾಳಿ ಅಂಗಡಿಯಲ್ಲಿ ಮುಂಗಡ, ಗೊಬ್ಬರದ ಅಂಗಡಿಯಲ್ಲಿ ಲೆಕ್ಕ, ಸೊಸೈಟಿಯಲ್ಲಿ ಬೆಳೆಸಾಲ. ಸೊಸೈಟಿಯದ್ದಂತೂ ಸರ್ಕಾರದ ಕೃಪೆಯಿಂದ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ, ವಾಯಿದೆಯೊಳಗೆ ಕಟ್ಟಿದರೆ. ವಾಯಿದೆ ಹತ್ತಿರ ಬಂದಾಗ ಅಲ್ಲಿಂದ ಇಲ್ಲಿಂದ ಹೊಂದಿಸಿ ಕಟ್ಟಿ, ಮರುದಿನ ಅಷ್ಟೇ ದುಡ್ಡು ಮತ್ತೆ ಎತ್ತುವುದನ್ನು ನಮ್ಮಲ್ಲಿ ‘ತಿರುವಿ ಹಾಕೋದು’ ಅನ್ನುತ್ತಾರೆ. ಹುಟ್ಟಿದಾಗಿನಿಂದ ಅಪ್ಪ ಸಾಲ ತಿರುವಿ ಹಾಕುವುದನ್ನೇ ನೋಡಿ ಬೆಳೆದ ಮಗನಿಗೆ ಸಾಲವೆಂದರೆ ಭಯ ಎಲ್ಲಿಂದ ಬರಬೇಕು?

ಇನ್ನು ರೈಸ್‌ಮಿಲ್ಲಿನ ಸಾಹುಕಾರರು. ಕಂಪ್ಲಿಯಿರಲಿ, ಹೊಳೆಯಾಚೆಯ ಗಂಗಾವತಿಯಿರಲಿ, ಮಿಲ್ಲಿನವರು ತಮ್ಮ ಓ.ಡಿ. (ಓವರ್‌ಡ್ರಾಫ್ಟ್) ಬಗ್ಗೆ ಮಾತಾಡುವ ಠೀವಿ ನೋಡಬೇಕು. “ನಂದು ಐವತ್ತು ಲಕ್ಷ ಓಡಿ ಐತಿ” ಅನ್ನುವಾಗ ಕೇಳುವವನಿಗೆ ಐವತ್ತು ಲಕ್ಷ ಆಸ್ತಿಯೇ ಇದೆ ಅನ್ನಿಸಬೇಕು. ಅಸಲಿಗೆ ಅದು, ಅಕೌಂಟಿನಲ್ಲಿ ಒಂದು ಪೈಸೆ ಇಲ್ಲದಿದ್ದರೂ ಅಷ್ಟರವರೆಗೆ ಚೆಕ್ ಬರೆಯಬಹುದು, ಬರೆದಷ್ಟಕ್ಕೆ ಬಡ್ಡಿ ಕಟ್ಟಬೇಕು ಎಂಬ ಬ್ಯಾಂಕಿನ ಒಪ್ಪಿಗೆ. ಈ ಉಪಾಯ ಶುರುವಾದದ್ದು 1728ರಲ್ಲಿ. ಎಡಿನ್‌ಬರೋದ ವಿಲಿಯಂ ಹಾಗ್ ಎಂಬ ವ್ಯಾಪಾರಿಗೆ ಸರಕು ಕೊಳ್ಳುವ ದುಡ್ಡು ಮೊದಲು ಬೇಕು, ಮಾರಿದ ದುಡ್ಡು ಆಮೇಲೆ ಬರುತ್ತದೆ. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಅವನಿಗೆ ಖಾತೆಯಲ್ಲಿರುವುದಕ್ಕಿಂತ ಸಾವಿರ ಪೌಂಡ್ ಹೆಚ್ಚಿಗೆ ತೆಗೆಯಲು ಬಿಟ್ಟಿತು. ಸುಗ್ಗಿಯಲ್ಲಿ ಭತ್ತ ಕೊಂಡು ಆಮೇಲೆ ಅಕ್ಕಿ ಮಾರುವ ನಮ್ಮ ಮಿಲ್ಲಿನವರ ಕಷ್ಟವೂ ಅದೇ. ಗೋದಾಮಿನಲ್ಲಿ ಚೀಲ ಕಾಣುತ್ತದೆ, ಬ್ಯಾಂಕು ಕೊಡುತ್ತದೆ.

ನಮ್ಮ ಓಣಿಯ ಬಿ.ಕಾಂ. ಹುಡುಗನಿಗೆ ಈ ಪಾಠ ಕ್ಲಾಸಿನಲ್ಲಿ ಆಗಿತ್ತು. ಓದಿದ್ದನ್ನು ಪ್ರಯೋಗ ಮಾಡಬೇಕು ಎಂದು ಮೇಷ್ಟ್ರು ಹೇಳಿದ್ದೂ ನೆನಪಿತ್ತು. ಸೀದಾ ಬ್ಯಾಂಕಿಗೆ ಹೋದ.

“ಸಾರ್, ನನ್ನ ಅಕೌಂಟಿಗೆ ಓಡಿ ಮಾಡಿಕೊಡ್ರಿ.”

ಮ್ಯಾನೇಜರ್ ಕನ್ನಡಕ ಇಳಿಸಿದರು. “ಯಾವ ಮಿಲ್ಲಪ್ಪ ನಿಂದು?”

“ಮಿಲ್ಲಿಲ್ಲ ಸಾರ್. ಸ್ಟೂಡೆಂಟು.”

“ಮತ್ತ ಏನು ನೋಡಿ ಕೊಡ್ಲಿ?”

ಹುಡುಗ ಯೋಚಿಸಿದ. ತೋರಿಸುವಂಥದ್ದು ಅವನ ಹತ್ತಿರ ಇದ್ದದ್ದು ಮೂರನೇ ಸೆಮಿಸ್ಟರಿನ ಮಾರ್ಕ್ಸ್‌ಕಾರ್ಡು ಒಂದೇ. ಅದನ್ನು ತೋರಿಸಿದರೆ ಇರುವ ಖಾತೆಯೂ ಹೋದೀತು ಎಂದು ಸುಮ್ಮನಾದ.

ಆದರೆ ಮ್ಯಾನೇಜರ್ ಒಳ್ಳೆಯವರು. ಜನಧನ ಖಾತೆಯಾದರೆ ಓ.ಡಿ. ಇದೆ ಎಂದರು. ಅದು ನಿಜವೇ. 2014ರ ಆಗಸ್ಟ್ 28ರಂದು ಶುರುವಾದ ಜನಧನದಲ್ಲಿ ಮೊದಲು 5,000 ರೂಪಾಯಿ ಓವರ್‌ಡ್ರಾಫ್ಟ್ ಇತ್ತು, 2018ರಲ್ಲಿ ಅದನ್ನು 10,000ಕ್ಕೆ ಏರಿಸಿದರು. ಅದರಲ್ಲಿ 2,000ದವರೆಗೆ ಹೆಚ್ಚಿನ ಶರತ್ತೂ ಇಲ್ಲ. ಹದಿನೆಂಟು ತುಂಬಿರಬೇಕು, ಖಾತೆ ಆರು ತಿಂಗಳು ಸರಿಯಾಗಿ ನಡೆದಿರಬೇಕು. ಹುಡುಗನ ಮುಖ ಅರಳಿತು. “ಇನ್ನೊಂದು ಮಾತು” ಎಂದರು ಮ್ಯಾನೇಜರ್. “ಮನ್ಯಾಗ ಒಬ್ಬರಿಗೇ ಕೊಡೋದು. ಅದರಾಗೂ ಹೆಣ್ಣುಮಕ್ಕಳಿಗೆ ಮೊದಲು. ನಿಮ್ಮವ್ವನ್ನ ಕರಕೊಂಡು ಬಾ.” ಅವ್ವನನ್ನು ಕರೆದುಕೊಂಡು ಬಂದು ಸಾಲ ಎತ್ತುವ ಧೈರ್ಯ ಎಮ್ಮಿಗನೂರಿನಲ್ಲಿ ಯಾವ ಮಗನಿಗೂ ಇಲ್ಲ. ಬಸ್ಸು ಫ್ರೀ ಅವರಿಗೆ, ಗೃಹಲಕ್ಷ್ಮಿ ಅವರಿಗೆ, ಈಗ ಓಡಿಯೂ ಅವರಿಗೇ ಎಂದು ಗೊಣಗುತ್ತ ಹುಡುಗ ಹೊರಗೆ ಬಂದ.

ಇಂಗ್ಲೆಂಡಿನಲ್ಲಿ ಹೀಗಿಲ್ಲವಂತೆ ಎಂದು ಅವನಿಗೆ ಹೇಳಿದವರು ಯಾರೋ ಗೊತ್ತಿಲ್ಲ, ಆದರೆ ಹೇಳಿದ್ದು ಸುಳ್ಳಲ್ಲ. ಅಲ್ಲಿ ಹುಡುಗ ಯೂನಿವರ್ಸಿಟಿಗೆ ಸೇರಿದ ಎಂದರೆ ಬ್ಯಾಂಕುಗಳು ಬಾ ಬಾ ಎಂದು ಕರೆಯುತ್ತವೆ. ಸ್ಟೂಡೆಂಟ್ ಅಕೌಂಟ್ ತೆರೆದರೆ ಬಡ್ಡಿಯಿಲ್ಲದ ಓ.ಡಿ. ಮೊದಲ ವರ್ಷ ಸಾವಿರ, ಸಾವಿರದೈನೂರು ಪೌಂಡು. ಮೂರನೇ ವರ್ಷಕ್ಕೆ ಕೆಲವು ಬ್ಯಾಂಕುಗಳಲ್ಲಿ ಮೂರು ಸಾವಿರದವರೆಗೂ ಸಿಗಬಹುದು. ಓದುತ್ತಿರುವಷ್ಟು ದಿನ ಬಡ್ಡಿ ಸೊನ್ನೆ. ಅಷ್ಟು ಧಾರಾಳ ಯಾಕೆ? ಇವತ್ತಿನ ಈ ಬಡ ಹುಡುಗ ನಾಳೆ ಸಂಬಳದವನಾಗುತ್ತಾನೆ, ಮನೆ ಸಾಲ ತೆಗೆಯುತ್ತಾನೆ, ಅಲ್ಲಿಯತನಕ ಖಾತೆ ನಮ್ಮಲ್ಲೇ ಇರಲಿ ಎಂಬ ದೂರಾಲೋಚನೆ. ನಮ್ಮೂರಿನಿಂದ ಅಲ್ಲಿಗೆ ಎಂ.ಎಸ್ಸಿ. ಓದಲು ಹೋದ ಹುಡುಗರು ಆಸೆಪಡುವುದು ಬೇಡ. ಹೊರದೇಶದ ವಿದ್ಯಾರ್ಥಿ ಓದು ಮುಗಿಸಿ ವಿಮಾನ ಹತ್ತಿಬಿಟ್ಟರೆ ವಸೂಲಿಗೆ ಯಾರು ಬರಬೇಕು ಎಂದು ಬಹಳಷ್ಟು ಬ್ಯಾಂಕುಗಳು ಈ ಸವಲತ್ತನ್ನು ತಮ್ಮ ದೇಶದವರಿಗೇ ಇಟ್ಟುಕೊಂಡಿವೆ.

ಸೊನ್ನೆ ಬಡ್ಡಿಯ ಕಥೆ ಮುಗಿಯುವುದು ಡಿಗ್ರಿ ಕೈಗೆ ಬಂದ ಮೇಲೆ. ವರ್ಷ ವರ್ಷ ಸೊನ್ನೆಯ ಮಿತಿ ಇಳಿಸುತ್ತ ಬರುತ್ತಾರೆ. ಕೊನೆಗೊಂದು ದಿನ ಅದು ಎಲ್ಲರ ಖಾತೆಯ ಹಾಗೆ ಮಾಮೂಲಿ ಖಾತೆಯಾಗುತ್ತದೆ. ಅಲ್ಲಿನ ಮಾಮೂಲಿ ಓ.ಡಿ. ಬಡ್ಡಿ ಎಷ್ಟು ಗೊತ್ತೆ? 2020ರ ಏಪ್ರಿಲ್‌ನಿಂದ ಅಲ್ಲಿಯ ಹಣಕಾಸು ನಿಯಂತ್ರಕರು, ದಿನಕ್ಕಿಷ್ಟು ಫೀ ಎಂದು ಬೇಕಾಬಿಟ್ಟಿ ಹಾಕಬಾರದು, ವಾರ್ಷಿಕ ಬಡ್ಡಿ ದರ ಒಂದೇ ಇರಬೇಕು ಎಂದು ಕಟ್ಟುನಿಟ್ಟು ಮಾಡಿದರು. ದೊಡ್ಡ ದೊಡ್ಡ ಬ್ಯಾಂಕುಗಳೆಲ್ಲ ಯೋಚಿಸಿ, ವರ್ಷಕ್ಕೆ 39.9 ಪರ್ಸೆಂಟು, ಇಲ್ಲವೇ ಅದರ ಆಸುಪಾಸು ಬಂದು ನಿಂತವು. ನಮ್ಮೂರಲ್ಲಿ ಬಡ್ಡಿ ಸಾಲ ಕೊಡುವ ಸಾಹುಕಾರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಹಾಕಿದರೆ ವರ್ಷಕ್ಕೆ ಮೂವತ್ತಾರು. ಅವನನ್ನು ನಾವು ಮೂರು ತಲೆಮಾರಿನಿಂದ ರಕ್ತ ಹೀರುವವ ಎಂದು ಬೈಯುತ್ತಾ ಬಂದಿದ್ದೇವೆ. ಪಾಪ, ಲಂಡನ್ನಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದರೆ ಗೌರವಸ್ಥನಾಗುತ್ತಿದ್ದ.

ನಮ್ಮ ಹುಡುಗನ ಖಾತೆಗೆ ವಾಪಸು ಬರೋಣ. ಓ.ಡಿ. ಸಿಗದ ಖಾತೆಯಲ್ಲಿ ಸಾಲವಾಗುವುದು ಹೇಗೆ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಬ್ಯಾಂಕಿನ ಜಾಣತನ. ಮಿನಿಮಮ್ ಬ್ಯಾಲೆನ್ಸ್ ಎಂಬುದೊಂದಿದೆ. ಡ್ಯಾಮಿನ ಕೆಳಗೆ ಬದುಕುವ ನಮಗೆ ಇದು ಬೇಗ ತಿಳಿಯುತ್ತದೆ. ಟಿ.ಬಿ. ಡ್ಯಾಮಿನಲ್ಲಿ ಡೆಡ್ ಸ್ಟೋರೇಜ್ ಅಂತ ಇರುತ್ತದಲ್ಲ, ನೀರು ಕಣ್ಣಿಗೆ ಕಾಣುತ್ತದೆ, ಕಾಲುವೆಗೆ ಬರುವುದಿಲ್ಲ. ಅದೇ ಇದು. ವ್ಯತ್ಯಾಸ ಇಷ್ಟೇ, ಡೆಡ್ ಸ್ಟೋರೇಜಿಗಿಂತ ನೀರು ಕೆಳಗಿಳಿದರೆ ತುಂಗಭದ್ರಾ ಮಂಡಳಿಯವರು ರೈತನಿಗೆ ದಂಡ ಹಾಕುವುದಿಲ್ಲ.

ಬ್ಯಾಂಕುಗಳು ಹಾಕಿದವು. ಐದು ವರ್ಷ ಬಿಟ್ಟಿದ್ದ ಈ ದಂಡವನ್ನು ಸ್ಟೇಟ್ ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ಮತ್ತೆ ಶುರುಮಾಡಿತು. ಆ ನವೆಂಬರ್ ಹೊತ್ತಿಗೆ ದುಡ್ಡಿಲ್ಲದವರಿಂದ, ದುಡ್ಡಿಲ್ಲ ಎಂಬ ಕಾರಣಕ್ಕೇ, 1,771 ಕೋಟಿ ರೂಪಾಯಿ ವಸೂಲಾಗಿತ್ತು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಅದರ ನಿವ್ವಳ ಲಾಭ 1,581 ಕೋಟಿ. ಅಂದರೆ ದೇಶದ ದೊಡ್ಡ ದೊಡ್ಡ ಉದ್ಯಮಿಗಳಿಗೆಲ್ಲ ಸಾಲ ಕೊಟ್ಟು ಮೂರು ತಿಂಗಳಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು ಆ ಎಂಟು ತಿಂಗಳಲ್ಲಿ ನಮ್ಮಂಥವರ ಹನ್ನೊಂದು ರೂಪಾಯಿ ಖಾತೆಗಳಿಂದ ಬಂತು. ಗಲಾಟೆಯಾಯಿತು, ದಂಡ ಇಳಿಯಿತು, 2020ರ ಮಾರ್ಚಿನಲ್ಲಿ ಅವರು ಅದನ್ನು ಕೈಬಿಟ್ಟರು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಬಿಟ್ಟಿತು, ಬೆನ್ನಿಗೇ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಬಿಟ್ಟವು. ಅಷ್ಟರೊಳಗೆ, 2024ರ ಮಾರ್ಚಿಗೆ ಮುಗಿದ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಈ ಬಾಬತ್ತಿನಲ್ಲಿ ಸುಮಾರು 8,500 ಕೋಟಿ ಎತ್ತಿದ್ದವು ಎಂದು ಕೇಂದ್ರ ಸರ್ಕಾರವೇ ಲೋಕಸಭೆಯಲ್ಲಿ ಹೇಳಿತು. ಖಾಸಗಿ ಬ್ಯಾಂಕುಗಳ ಮಾತು ಇದರಲ್ಲಿ ಸೇರಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬಂದ ಹುಡುಗರಿಗೆಲ್ಲ ಒಂದೊಂದು ಹಳೆ ಸಂಬಳದ ಖಾತೆ ಇರುತ್ತದೆ. ಸಂಬಳ ನಿಂತು ಕೆಲವು ತಿಂಗಳಾದ ಮೇಲೆ ಅದು ತಾನಾಗಿ ಸಾಮಾನ್ಯ ಉಳಿತಾಯ ಖಾತೆಯಾಗಿ, ಯಾರಿಗೂ ಹೇಳದೆ ದಂಡ ಲೆಕ್ಕ ಹಾಕುತ್ತ ಕೂತಿರುತ್ತದೆ.

ಇಲ್ಲಿ ರಿಸರ್ವ್ ಬ್ಯಾಂಕು ಹುಡುಗರ ಪರವಾಗಿ ಹೇಳಿದ ಮಾತುಗಳಿವೆ, ಅವು ಹುಡುಗರ ಕಿವಿಗೆ ಬಿದ್ದಿಲ್ಲ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಎಂಬ ದಂಡ ಒಂದರಿಂದಲೇ ಉಳಿತಾಯ ಖಾತೆ ಸೊನ್ನೆಗಿಂತ ಕೆಳಗೆ, ಮೈನಸ್ಸಿಗೆ, ಹೋಗಬಾರದು. ಈ ನಿಯಮ 2015ರ ಏಪ್ರಿಲ್ 1ರಿಂದ ಇದೆ. ಮೂಲ ಉಳಿತಾಯ ಖಾತೆ, ಅಂದರೆ ಜನರ ಬಾಯಲ್ಲಿ ‘ಝೀರೋ ಅಕೌಂಟ್’, ಅದಕ್ಕೆ ಮಿನಿಮಮ್ ಬ್ಯಾಲೆನ್ಸೇ ಇಲ್ಲ. ಸರ್ಕಾರದ ಯೋಜನೆಗೋ ಸ್ಕಾಲರ್‌ಶಿಪ್ಪಿಗೋ ತೆರೆದ ಝೀರೋ ಅಕೌಂಟನ್ನು ಎರಡು ವರ್ಷ ವ್ಯವಹಾರ ಇಲ್ಲವೆಂದು ನಿಷ್ಕ್ರಿಯ ಮಾಡಬಾರದು. ಇದು 2024ರ ಏಪ್ರಿಲ್‌ನಿಂದ. ಆದರೆ ನಮ್ಮ ಹುಡುಗರು ರಿಸರ್ವ್ ಬ್ಯಾಂಕಿನ ಸುತ್ತೋಲೆ ಓದುವ ಜಾತಿಯವರಲ್ಲ. ಅವರು ಓದುವುದು ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ’ ಎಂಬ ಕೆಂಪಕ್ಷರ ಮಾತ್ರ. ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂಬುದು ಅವರಿಗೇ ಮರೆತಿರುತ್ತದೆ. ಹೈಸ್ಕೂಲಿನಲ್ಲಿ ಒಂದು, ಪಿಯುಸಿಯಲ್ಲಿ ಒಂದು, ಬೆಂಗಳೂರಿನದೊಂದು. ಇನ್ನು ನಮ್ಮ ಕಡೆಯ ಗ್ರಾಮೀಣ ಬ್ಯಾಂಕಿನ ಖಾತೆಯಾದರೆ ಹೆಸರು ಹಿಡಿಯುವುದೇ ಒಂದು ಪರೀಕ್ಷೆ. 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ್ದು ತುಂಗಭದ್ರಾ ಗ್ರಾಮೀಣ ಬ್ಯಾಂಕು. 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ, 2025ರ ಮೇ 1ಕ್ಕೆ ಧಾರವಾಡದ ಗ್ರಾಮೀಣ ಬ್ಯಾಂಕನ್ನೂ ಸೇರಿಸಿಕೊಂಡು ಇಡೀ ರಾಜ್ಯಕ್ಕೆ ಒಂದೇ. ಹುಡುಗನ ತಾತ ಮಾತ್ರ ಇವತ್ತಿಗೂ “ತುಂಗಭದ್ರಾ ಬ್ಯಾಂಕಿಗೆ ಹೋಗ್ಬರ್ತೀನಿ” ಅನ್ನುತ್ತಾನೆ. ಸರಿಯಾಗಿ ಅಲ್ಲಿಗೇ ಹೋಗಿ ಬರುತ್ತಾನೆ ಕೂಡ.

ದಂಡ ತಪ್ಪಿತು ಅನ್ನುವಷ್ಟರಲ್ಲಿ ಹುಡುಗ ಹೊಸಪೇಟೆಗೆ ಹೋಗಿ ಕಂತಿನ ಮೇಲೆ ಮೊಬೈಲ್ ತಂದಿರುತ್ತಾನೆ. ‘ಝೀರೋ ಡೌನ್ ಪೇಮೆಂಟ್, ಝೀರೋ ಬಡ್ಡಿ’. ಝೀರೋ ಅಕೌಂಟಿನವನಿಗೆ ಝೀರೋ ಕಂಡರೆ ಪ್ರೀತಿ ಸಹಜ. ತಿಂಗಳ ಐದನೇ ತಾರೀಖು ಕಂತು ತಾನಾಗಿ ಕಟ್ ಆಗಲು ರುಜು ಹಾಕಿ ಬಂದಿದ್ದಾನೆ. ಐದನೇ ತಾರೀಖು ಖಾತೆಯಲ್ಲಿ ಹನ್ನೊಂದು ರೂಪಾಯಿ. ಕಂತು ಬೌನ್ಸ್. ಬ್ಯಾಂಕಿನ ಕಡೆಯಿಂದ ಇನ್ನೂರೈವತ್ತೋ ಐನೂರೋ ಚಾರ್ಜು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಫೈನಾನ್ಸಿನವರದ್ದು ಬೇರೆ ದಂಡ. ಅಷ್ಟಕ್ಕೆ ಬಿಡುವುದಿಲ್ಲ, ಮತ್ತೊಮ್ಮೆ ಮಂಡಿಸುತ್ತಾರೆ, ಮತ್ತೊಮ್ಮೆ ಬೌನ್ಸು. ಗಾಬರಿಯಿಂದ ಎಟಿಎಮ್ಮಿಗೆ ಓಡಿ ಐನೂರು ಒತ್ತಿದರೆ ‘ಸಾಕಷ್ಟು ಹಣವಿಲ್ಲ’ ಎಂಬ ಚೀಟಿ ಬರುತ್ತದೆ. ಕೆಲವು ಬ್ಯಾಂಕುಗಳಲ್ಲಿ ಹಾಗೆ ಇಲ್ಲದ ದುಡ್ಡು ಕೇಳಿದ್ದಕ್ಕೂ ಇಪ್ಪತ್ತು ಚಿಲ್ಲರೆ ರೂಪಾಯಿ ಚಾರ್ಜಿದೆ. ಆ ಇಪ್ಪತ್ತೂ ಇವನ ಹತ್ತಿರ ಇಲ್ಲ. ಎಲ್ಲವೂ ಬಾಕಿ ಬರೆದುಕೊಂಡು ಕಾಯುತ್ತವೆ. ಯಾವುದಕ್ಕೆ? ಸ್ಕಾಲರ್‌ಶಿಪ್ಪಿಗೆ! ಐದು ತಿಂಗಳು ದೇವರಿಗೆ ಹರಕೆ ಹೊತ್ತ ದುಡ್ಡು ಬೆಳಗ್ಗೆ ಹತ್ತು ಗಂಟೆಗೆ ಬೀಳುತ್ತದೆ, ಹತ್ತೂಕಾಲಿಗೆ ಅರ್ಧ ಇರುವುದಿಲ್ಲ. ಮಗ ಅಪ್ಪನಿಗೆ ಫೋನ್ ಮಾಡಿ “ಸರ್ಕಾರ ಕಮ್ಮಿ ಹಾಕ್ಯಾರ” ಅನ್ನುತ್ತಾನೆ. ಅಪ್ಪ ಸರ್ಕಾರವನ್ನು ಬೈಯುತ್ತಾನೆ. ಸರ್ಕಾರಕ್ಕೆ ಇಂಥ ಬೈಗುಳ ಎಷ್ಟು ಪುಕ್ಕಟೆ ಸಿಗುತ್ತವೋ.

ಈ ಹಂತದಲ್ಲಿ ಫೋನಿನಲ್ಲಿ ಒಂದು ಮೆಸೇಜು ಬರುತ್ತದೆ. ‘ನಿಮಗೆ ರೂ. 5,000 ಮಂಜೂರಾಗಿದೆ. ಎರಡೇ ನಿಮಿಷ. ದಾಖಲೆ ಬೇಡ.’

ಮೂರನೇ ಮಿರ್ಚಿ ಈಗ ಬೇಕಾಯಿತು ನೋಡಿ. ಹೋಟೆಲಿನ ಅಕ್ಕನ ಮುಂದೆ ನೂರಾ ಅರವತ್ತಕ್ಕೆ ಕೆಂಪಾದ ಕಿವಿ ಇಲ್ಲಿ ಐದು ಸಾವಿರಕ್ಕೂ ಕೆಂಪಾಗುವುದಿಲ್ಲ. ಮಂಚದ ಮೇಲೆ ಮಲಗಿಕೊಂಡೇ ಸಾಲ ತೆಗೆಯಬಹುದು. ಯಾರೂ ಭತ್ತದ ರೇಟು ಕೇಳುವುದಿಲ್ಲ, ನಿಮ್ಮಪ್ಪ ಎಲ್ಲಿ ಅನ್ನುವುದಿಲ್ಲ. ಕೇಳುವುದು ಒಂದೇ, ‘ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೊಡಿ’. ಹುಡುಗ ಕೊಡುತ್ತಾನೆ. ಕಾಂಟ್ಯಾಕ್ಟ್ಸಿನಲ್ಲಿ ಏನಿದೆ ಮಹಾ! ಅಪ್ಪ, ಅವ್ವ, ಸೋದರಮಾವ, ಪ್ರಿನ್ಸಿಪಾಲರು, ಹೋಟೆಲಿನ ಅಕ್ಕ, ಹಾರ್ಟ್ ಚಿಹ್ನೆ ಹಾಕಿ ಸೇವ್ ಮಾಡಿಕೊಂಡ ಒಂದು ನಂಬರು.

ಐದು ಸಾವಿರ ಎಂದವರು ‘ಶುಲ್ಕ’ ಮುರಿದುಕೊಂಡು ಖಾತೆಗೆ ಹಾಕುವುದು ಮೂರೂವರೆ ಸಾವಿರ. ವಾಪಸು ಕೊಡಬೇಕಾದ್ದು ಐದು, ಏಳೇ ದಿನದಲ್ಲಿ. ಈ ಕಳ್ಳ ಆ್ಯಪುಗಳ ಮಾಮೂಲಿ ಲೆಕ್ಕ ಇರುವುದೇ ಹೀಗೆ. ಬಿ.ಕಾಂ. ಹುಡುಗನಾದರೂ ಕೂತು ಲೆಕ್ಕ ಹಾಕಿದನೇ? ಮೂರೂವರೆ ಸಾವಿರಕ್ಕೆ ವಾರಕ್ಕೆ ಸಾವಿರದೈನೂರು ಬಡ್ಡಿಯೆಂದರೆ ವರ್ಷಕ್ಕೆ 2,200 ಪರ್ಸೆಂಟಿಗೂ ಹೆಚ್ಚು. ನಮ್ಮೂರ ಮೂರು ರೂಪಾಯಿ ಬಡ್ಡಿ ಸಾಹುಕಾರ ಇದನ್ನು ಕೇಳಿದರೆ ಈ ಧಂದೆಗೆ ತಾನು ನಾಲಾಯಕ್ಕು ಎಂದು ಅಂಗಡಿ ಮುಚ್ಚಿಯಾನು. ಬಡ್ಡಿ ಅಂಗಡಿ ಮುಚ್ಚುವುದು ನಮ್ಮ ಕಡೆಗೆ ಹೊಸದೇನಲ್ಲ ಬಿಡಿ. ಗಿರವಿ ವ್ಯಾಪಾರದ ನವಕೋಟಿ ನಾರಾಯಣನೊಬ್ಬ ಎಲ್ಲ ದಾನಮಾಡಿ ಹಂಪಿಗೆ ಬಂದು ಪುರಂದರದಾಸನಾದ ಎನ್ನುತ್ತಾರೆ. ಹೊಳೆ ದಂಡೆಯ ಮೇಲೆ ಅವನ ಹೆಸರಿನ ಮಂಟಪ ಇನ್ನೂ ನಿಂತಿದೆ. ಈಗಿನ ಆ್ಯಪಿನವರು ದಾನ ಮಾಡುವ ಲಕ್ಷಣ ಕಾಣುತ್ತಿಲ್ಲ.

ಎಂಟನೇ ದಿನ ಫೋನ್ ಶುರುವಾಗುತ್ತದೆ. ಮೊದಲು ಹುಡುಗನಿಗೆ, ಆಮೇಲೆ ಸೋದರಮಾವನಿಗೆ, ಪ್ರಿನ್ಸಿಪಾಲರಿಗೆ, ಹಾರ್ಟಿನ ನಂಬರಿಗೆ. ಫೋಟೋ ತಿದ್ದಿ ಹೊಲಸು ಮಾಡಿ ಕಳಿಸುತ್ತಾರೆ. ಇಲ್ಲಿ ನನಗೆ ತಮಾಷೆ ಬರುವುದಿಲ್ಲ. 2023ರ ಜುಲೈನಲ್ಲಿ ಬೆಂಗಳೂರಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಈ ಆ್ಯಪ್ ಸಾಲದ ಕಾಟಕ್ಕೆ ಜೀವ ಕಳೆದುಕೊಂಡ. ಇಂಥ ಸಾಲವನ್ನು ಮನೆಯಲ್ಲಿ ಹೇಳುವುದು ಯಾವ ಹುಡುಗನಿಗೂ ಕಷ್ಟ. ಹಲೋ ಎಂದರೆ ಬೈಗುಳ ಬರುವ ಫೋನು ಹಿಡಿದುಕೊಂಡು ಒಬ್ಬನೇ ಕೂತವನ ತಲೆಯಲ್ಲಿ ಏನು ಓಡುತ್ತದೆ ಎಂದು ಮಂಚದ ಈ ಕಡೆ ಕೂತ ಅಪ್ಪನಿಗೆ ಗೊತ್ತಾಗುವುದಿಲ್ಲ.

ಗೊತ್ತಿರಬೇಕಾದ್ದು ಇಷ್ಟಿದೆ. ರಿಸರ್ವ್ ಬ್ಯಾಂಕಿನ ಸಮಿತಿ 2021ರಲ್ಲಿ ಹುಡುಕಿದಾಗ ಸಿಕ್ಕ ಸುಮಾರು 1,100 ಸಾಲದ ಆ್ಯಪುಗಳಲ್ಲಿ 600 ಅಕ್ರಮವಾಗಿದ್ದವು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲದ ಆ್ಯಪು ಫೋನಿನ ಕಾಂಟ್ಯಾಕ್ಟ್ಸು, ಫೋಟೋ, ಕರೆಗಳ ಪಟ್ಟಿ ಮುಟ್ಟುವಂತಿಲ್ಲ. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ಎಷ್ಟು ಪರ್ಸೆಂಟು ಎಂದು ಮೊದಲೇ ಹೇಳಬೇಕು. ಬೇಡ ಅನ್ನಿಸಿದರೆ ಅಸಲು, ಅಷ್ಟು ದಿನದ ಬಡ್ಡಿ ಕೊಟ್ಟು ದಂಡವಿಲ್ಲದೆ ಹೊರಬರಲು ಕನಿಷ್ಠ ಒಂದು ದಿನದ ಅವಕಾಶ ಕೊಡಬೇಕು. ಕಾಂಟ್ಯಾಕ್ಟ್ಸ್ ಕೇಳಿತು ಎಂದರೆ ಅದು ಕಳ್ಳ ಆ್ಯಪು, ಬೇರೆ ಪರೀಕ್ಷೆ ಬೇಡ. ಕಾಟ ಶುರುವಾದರೆ ಸೈಬರ್ ಪೊಲೀಸರ ನಂಬರು 1930. ಊರೊಳಗಿನ ಸಂಘದ ಸಾಲ, ಮೈಕ್ರೋಫೈನಾನ್ಸಿನ ಕಂತಿಗಾಗಿ ಮನೆ ಮುಂದೆ ಕೂತು ಮಾನ ಕಳೆಯುವವರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ನಮ್ಮ ರಾಜ್ಯವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಓದಿಗೇ ದುಡ್ಡು ಬೇಕೆಂದರೆ ಶಿಕ್ಷಣ ಸಾಲ ಇದ್ದೇ ಇದೆ, 4 ಲಕ್ಷದವರೆಗೆ ಆಸ್ತಿ ಅಡ ಇಡುವಂತೆ ಬ್ಯಾಂಕು ಕೇಳಬಾರದು. ಅದಕ್ಕೆ ಅಪ್ಪ ಜತೆಗೆ ಬಂದು ರುಜು ಹಾಕಬೇಕು, ಮ್ಯಾನೇಜರ್ ಎದುರು ಮಾರ್ಕ್ಸ್‌ಕಾರ್ಡು ತೆಗೆಯಬೇಕು. ನಮ್ಮ ಹುಡುಗ ಹಿಂಜರಿಯುವುದು ಅಲ್ಲೇ. ಬ್ಯಾಂಕಿಗೂ ಮುಖ ಇದೆ, ಅಕ್ಕನಿಗೂ ಮುಖ ಇದೆ. ಮುಖವಿಲ್ಲದ್ದು ಆ್ಯಪು ಒಂದೇ, ಅದಕ್ಕೇ ಅದು ಇಷ್ಟು ಹಿತ.

ಇದನ್ನೆಲ್ಲ ಮೊನ್ನೆ ಕಟ್ಟೆಯ ಮೇಲೆ ಬಿಡಿಸಿ ಬಿಡಿಸಿ ಹೇಳಿದೆ. ತಾತ ಬೀಡಿ ಸೇದುತ್ತ ಪೂರ್ತಿ ಕೇಳಿದ. ಮೂರು ರೂಪಾಯಿ ಬಡ್ಡಿಯ ಭಾಗ ಬಂದಾಗ ಅವನಿಗೆ ಕೆಮ್ಮು ಬಂತು, ಯಾಕೆಂದು ನಾನು ಕೇಳಲಿಲ್ಲ. ಹುಡುಗ ತಲೆ ತಗ್ಗಿಸಿ ಕೂತಿದ್ದ. ಪರವಾಗಿಲ್ಲ, ಮಾತು ನಾಟಿತು ಎಂದುಕೊಂಡೆ. ನಾನು ಏಳುವಷ್ಟರಲ್ಲಿ ಅವನು ತಾತನ ಹತ್ತಿರ ಸರಿದ.

“ತಾತ, ಒಂದ್ ಐನೂರು ಇದ್ರ ಕೊಡು. ಸೋಮವಾರ ಕೊಡ್ತೀನಿ.”

“ಕೊಡ್ತೀನೇಳು. ಯಾಕ ಕೊಡಬಾರದು?” ತಾತ ಬನಿಯನ್ನಿನ ಒಳಜೇಬಿಗೆ ಕೈ ಹಾಕಿ, ಅಲ್ಲೇ ನಿಲ್ಲಿಸಿದ. “ಮೊದಲ ನಿನ್ ಫೋನ್‌ನಾಗ ಇರೋ ನಂಬರೆಲ್ಲಾ ಒಂದು ಹಾಳ್ಯಾಗ ಬರಕೊಡು. ಆ ಹಾರ್ಟಿಂದೂ.”

“ತಾತಾ!”

“ಮತ್ತ ಐನೂರು ಅಂದ್ರ ನಿನ್ ಕೈಗೆ ಬರೋದು ಮುನ್ನೂರೈವತ್ತು. ಉಳಿದಿದ್ದು ನನ್ನ ಬೀಡಿ ಖರ್ಚು. ಅದಕ್ಕ ಏನೋ ಅಂದ್ಯಲ್ಲಪ್ಪ ನೀನು,” ತಾತ ನನ್ನ ಕಡೆ ತಿರುಗಿದ, “ಪ್ರೊಸೆಸಿಂಗು?”